ನಾನೊಬ್ಬ ಬಾರದಿದ್ದರೆ ಸಭೆ ನಿಲ್ಲುತ್ತದೆಯೇ?

ಪ್ರಶ್ನೆ: ಸುಮಾರು 600 ಸದಸ್ಯರಿರುವ ಒಂದು ಸಂಘದಲ್ಲಿ ನಾನೂ ಸದಸ್ಯ. ವಂತಿಗೆ ತಪ್ಪದೆ ಕಟ್ಟುತ್ತೇನೆ, ಕೈಲಾದ ಕೆಲಸವನ್ನೂ ಮಾಡಿಕೊಡುತ್ತೇನೆ. ಆದರೆ ವಾರ್ಷಿಕ ಮಹಾಸಭೆಗೆ ಹೋಗುವ ಅಭ್ಯಾಸವಿಲ್ಲ. ಈ ಸಲದ ನೋಟಿಸಿನಲ್ಲಿ ಬೈಲಾ (ಸಂಘದ ನಿಯಮಾವಳಿ) ತಿದ್ದುಪಡಿ, ಬಜೆಟ್, ಆಡಳಿತ ಮಂಡಳಿಯ ಮೂರು ಸ್ಥಾನಗಳಿಗೆ ಚುನಾವಣೆ ಎಂದು ಮೂರು ವಿಷಯಗಳಿವೆ. ಮಂಡಳಿಯಲ್ಲಿರುವವರು ಪ್ರಾಮಾಣಿಕರೇ. ವಿಷಯ ಬಲ್ಲವರು ತೀರ್ಮಾನಿಸಿದರೆ ಸಾಲದೇ? 600 ಜನರಲ್ಲಿ ನನ್ನದೊಂದು ಮತದಿಂದ ಆಗುವುದೇನು? ಹೋಗಲೇಬೇಕೆಂದರೆ, ಹೋಗಿ ಮಾಡುವುದೇನು?

ಉತ್ತರ: ನಿಮ್ಮ ಮತ 600ರಲ್ಲಿ ಒಂದು ಎಂದು ನೀವು ಲೆಕ್ಕ ಹಾಕಿದ್ದೀರಿ. ಮಹಾಸಭೆಯ ಲೆಕ್ಕ ಹಾಗೆ ನಡೆಯುವುದಿಲ್ಲ.

ನಿಮ್ಮ ಸಂಘದ ಕೋರಂ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಎಂದುಕೊಳ್ಳೋಣ. ಅಂದರೆ 60 ಜನ ಬಂದರೆ ಸಭೆ ಸಿಂಧು. ಆ 60ರಲ್ಲಿ ಎಲ್ಲರೂ ಮತ ಹಾಕಿದರೂ ಸಾಮಾನ್ಯ ನಿರ್ಣಯ ಪಾಸಾಗಲು 31 ಮತ ಸಾಕು. ಬೈಲಾ ತಿದ್ದಲು ಮೂರನೇ ಎರಡರಷ್ಟು ಬಹುಮತ ಬೇಕೆಂದಿದ್ದರೆ 40. ಅನೇಕ ಸಂಘಗಳಲ್ಲಿರುವ ಇನ್ನೊಂದು ನಿಯಮವನ್ನು ಬಹಳ ಸದಸ್ಯರು ಗಮನಿಸಿಯೇ ಇರುವುದಿಲ್ಲ: ನಿಗದಿತ ಸಮಯದಿಂದ ಅರ್ಧ ಗಂಟೆಯೊಳಗೆ ಕೋರಂ ಆಗದಿದ್ದರೆ ಸಭೆಯನ್ನು ಮುಂದೂಡಬೇಕು; ಮುಂದೂಡಿದ ಸಭೆಗೆ ಎಷ್ಟೇ ಜನ ಬಂದರೂ ಅಷ್ಟೇ ಜನರನ್ನು ಕೋರಂ ಎಂದು ಎಣಿಸಲಾಗುತ್ತದೆ. ಎಷ್ಟೋ ಬೈಲಾಗಳಲ್ಲಿ ಈ ‘ಮುಂದೂಡಿಕೆ’ ಎಂದರೆ ಅದೇ ದಿನ, ಅದೇ ಕೋಣೆ, ಅರ್ಧ ಗಂಟೆ ತಡ, ಅಷ್ಟೆ. ಅಲ್ಲಿ 20 ಜನ ಉಳಿದಿದ್ದರೆ, 14 ಜನ ಸೇರಿ 600 ಜನರ ನಿಯಮವನ್ನು ಬದಲಿಸಬಹುದು. ಮುಂದೂಡಿದ ಸಭೆಯಲ್ಲಿ ಬೈಲಾ ತಿದ್ದುಪಡಿ ಮಾಡಬಾರದು ಎಂಬ ತಡೆ ನಿಮ್ಮಲ್ಲಿ ಇದೆಯೇ? ಬೈಲಾ ಕೈಗೆತ್ತಿಕೊಂಡಾಗ ಮೊದಲು ಹುಡುಕಬೇಕಾದದ್ದು ಇದನ್ನೇ.

ಮನೆಯಲ್ಲೇ ಉಳಿದರೆ ತಟಸ್ಥರಾಗಿದ್ದಂತೆ ಎಂಬ ಭಾವನೆಯೂ ಸರಿಯಲ್ಲ. ‘ಬಹುಮತ’ ಎಂದು ಬರೆದಾಗ ಯಾರ ಬಹುಮತ ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ. 60 ಜನ ಹಾಜರಿದ್ದು 28 ಜನ ಪರ, 22 ಜನ ವಿರೋಧ, 10 ಜನ ಸುಮ್ಮನೆ ಕೂತರು ಎನ್ನಿ. ನಿಯಮದಲ್ಲಿ ‘ಹಾಜರಿದ್ದು ಮತ ಚಲಾಯಿಸಿದವರ ಬಹುಮತ’ ಎಂದಿದ್ದರೆ ನಿರ್ಣಯ ಪಾಸು. ‘ಹಾಜರಿದ್ದವರ ಬಹುಮತ’ ಎಂದಿದ್ದರೆ 31 ಬೇಕು, ನಿರ್ಣಯ ಬಿತ್ತು; ಸುಮ್ಮನೆ ಕೂತ ಹತ್ತು ಜನ ತಮಗೇ ಗೊತ್ತಿಲ್ಲದೆ ವಿರೋಧಿಗಳಾದರು. ‘ಒಟ್ಟು ಸದಸ್ಯರ ಬಹುಮತ’ ಎಂದಿದ್ದರೆ 301 ಬೇಕು, ಆಗ ಮನೆಯಲ್ಲಿರುವ 540 ಜನರೂ ವಿರೋಧಿಗಳೇ. ಇಂಥ ಕಡೆ ಬೇಕಾದ ಸುಧಾರಣೆಯೂ ವರ್ಷಾನುಗಟ್ಟಲೆ ನನೆಗುದಿಗೆ ಬೀಳುತ್ತದೆ. ಕೊನೆಗೆ ಬೇಸತ್ತ ಮಂಡಳಿ ಬೇಕಾದ ಬಹುಮತವನ್ನೇ ಇಳಿಸುವ ತಿದ್ದುಪಡಿ ತರುತ್ತದೆ. ಕೇಳಲು ನ್ಯಾಯವಾಗಿಯೇ ಇರುತ್ತದೆ, ಆದರೆ ಅಲ್ಲಿಂದ ಮುಂದೆ 14 ಜನರ ಸಂಘ.

ಇನ್ನು ‘ಬಲ್ಲವರು ತೀರ್ಮಾನಿಸಲಿ’ ಎಂಬ ಮಾತು. ಮಂಡಳಿಯವರ ಪ್ರಾಮಾಣಿಕತೆಯ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ಸಂಘ ನಡೆಸುವವರಿಗೆ ಕಾಣುವುದು ಕಡತ, ಗಡುವು, ಬಾಕಿ. ಸಂಘವನ್ನು ಬಳಸುವವರಿಗೆ ಕಾಣುವುದು ಬೇರೆ. ಎರಡೂ ನಿಜವೇ, ಆದರೆ ಒಂದನ್ನೇ ನೋಡಿ ಮಾಡಿದ ನಿಯಮ ಕಾಗದದಲ್ಲಿ ಚೆನ್ನಾಗಿದ್ದು ಕೆಲಸದಲ್ಲಿ ಮುರಿಯುತ್ತದೆ. ಸಾಮೂಹಿಕ ಸ್ವತ್ತುಗಳ ನಿರ್ವಹಣೆಯನ್ನು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನೋರ್ ಆಸ್ಟ್ರಂ, ಬಹುಕಾಲ ಬಾಳಿದ ಸಂಸ್ಥೆಗಳಲ್ಲಿ ಕಂಡ ಎಂಟು ಲಕ್ಷಣಗಳನ್ನು ಪಟ್ಟಿ ಮಾಡಿದ್ದಾರೆ. ನಿಯಮಕ್ಕೆ ಒಳಪಡುವವರಿಗೆ ಅದನ್ನು ತಿದ್ದುವುದರಲ್ಲೂ ಪಾಲಿರಬೇಕು ಎಂಬುದು ಅವುಗಳಲ್ಲೊಂದು. ಅವರು ಕೊಡುವ ಉದಾಹರಣೆ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿ. ಅಲ್ಲಿ 1517ರಿಂದ ಒಂದು ನಿಯಮವಿದೆ: ಚಳಿಗಾಲದಲ್ಲಿ ಎಷ್ಟು ದನಗಳನ್ನು ಸ್ವಂತ ಮೇವಿನಿಂದ ಸಾಕಬಲ್ಲಿರೋ ಅದಕ್ಕಿಂತ ಹೆಚ್ಚು ದನಗಳನ್ನು ಬೇಸಿಗೆಯಲ್ಲಿ ಊರ ಹುಲ್ಲುಗಾವಲಿಗೆ ಬಿಡುವಂತಿಲ್ಲ. ಯಾರ ಕೊಟ್ಟಿಗೆಯಲ್ಲಿ ಎಷ್ಟು ದನಗಳಿದ್ದವು ಎಂಬುದು ನೆರೆಯವರಿಗೆಲ್ಲ ಗೊತ್ತಿರುವುದರಿಂದ ತನಿಖೆಗೆ ಬೇರೆ ಖರ್ಚಿಲ್ಲ, ವಂಚಿಸಲು ಜಾಗವೂ ಇಲ್ಲ. ದನ ಸಾಕುವವರ ನಡುವೆ ಹುಟ್ಟಿದ ನಿಯಮಕ್ಕೆ ಮಾತ್ರ ಬರುವ ಜಾಣತನ ಇದು. ಜೊತೆಗೆ, ತಾವೇ ಕೂತು ಒಪ್ಪಿದ ನಿಯಮವನ್ನು ಜನ ಪಾಲಿಸುತ್ತಾರೆ. ಹೇರಿದ ನಿಯಮಕ್ಕೆ ಕಾವಲುಗಾರ ಬೇಕಾಗುತ್ತದೆ.

ಸದಸ್ಯರ ಮತ ಒಂದು ಸಂಸ್ಥೆಯ ಗುರಿಯನ್ನೇ ತಿರುಗಿಸಿದ್ದಕ್ಕೆ ಹಳೆಯ ನಿದರ್ಶನ ಇಂಗ್ಲೆಂಡಿನ ರಾಚ್‌ಡೇಲ್‌ನದು. 1844ರಲ್ಲಿ ಅಲ್ಲಿ ಸಹಕಾರಿ ಅಂಗಡಿ ತೆರೆದವರೇ 1854ರಲ್ಲಿ ಬಟ್ಟೆ ಗಿರಣಿಯೊಂದನ್ನು ಆರಂಭಿಸಿದರು. ಲಾಭದಲ್ಲಿ ದುಡಿಯುವವರಿಗೂ ಪಾಲು ಎಂಬುದು ಗಿರಣಿಯ ಮೂಲ ನಿಯಮ. ವ್ಯವಹಾರ ಬೆಳೆದಂತೆ ಡಿವಿಡೆಂಡ್ ಆಸೆಗೆ ಷೇರು ಕೊಂಡವರ ಸಂಖ್ಯೆ ಹೆಚ್ಚಿತು. 1862ರಲ್ಲಿ ಅವರದೇ ಬಹುಮತವಾಗಿ ಕಾರ್ಮಿಕರ ಪಾಲು ರದ್ದಾಯಿತು. ಕಳ್ಳತನವಾಗಲಿಲ್ಲ, ನಿಯಮ ಮುರಿಯಲಿಲ್ಲ. ಮತ ಎಣಿಸಿಯೇ ಆಯಿತು. ‘ಯಾರು ಸದಸ್ಯರಾಗಬಹುದು’ ಎಂಬ ಒಂದು ಸಾಲಿನ ನಿಯಮವನ್ನು ಹಗುರವಾಗಿ ಕಾಣಬಾರದು ಎಂದು ನಾವು ಹೇಳುವುದು ಇದಕ್ಕೇ.

ಮತ ಹಾಕಿದರಷ್ಟೇ ಸಾಲದು ಎಂಬುದಕ್ಕೂ ಬ್ರಿಟನ್ನೇ ಸಾಕ್ಷಿ. ಅಲ್ಲಿನ ಬಿಲ್ಡಿಂಗ್ ಸೊಸೈಟಿಗಳು ಸದಸ್ಯರದೇ ಒಡೆತನದ, ಗೃಹಸಾಲ ಕೊಡುವ ಸಂಸ್ಥೆಗಳು. 1989ರಿಂದ 2000ದವರೆಗೆ ಒಂದರ ಹಿಂದೊಂದು ದೊಡ್ಡ ಸೊಸೈಟಿಗಳು ಸದಸ್ಯರ ಮತ ಪಡೆದೇ ಷೇರುದಾರರ ಒಡೆತನದ ಬ್ಯಾಂಕುಗಳಾದವು. ಪ್ರತಿ ಸದಸ್ಯರಿಗೂ ಪುಕ್ಕಟೆ ಷೇರು ಅಥವಾ ನಗದು ಸಿಗುತ್ತಿದ್ದರಿಂದ ಒಪ್ಪಿಗೆ ಸುಲಭವಾಗಿ ಬಂತು. ಆ ಹಣಕ್ಕಾಗಿಯೇ ಹೊಸ ಖಾತೆ ತೆರೆದು ಬಂದವರೂ ಬಹಳ. 1997ರಲ್ಲಿ ಹೀಗೆ ಬದಲಾದ ನಾರ್ದರ್ನ್ ರಾಕ್ 2007ರ ಸೆಪ್ಟೆಂಬರಿನಲ್ಲಿ ಹಣ ವಾಪಸು ಪಡೆಯಲು ನಿಂತ ಠೇವಣಿದಾರರ ಸರದಿ ಸಾಲುಗಳನ್ನು ಕಂಡಿತು, 2008ರ ಫೆಬ್ರವರಿಯಲ್ಲಿ ಸರ್ಕಾರದ ವಶವಾಯಿತು. ಅತ್ತ ನೇಷನ್‌ವೈಡ್ ಸೊಸೈಟಿಯಲ್ಲಿ 1998ರಲ್ಲಿ ಇದೇ ಪ್ರಸ್ತಾವ ತೀರಾ ಕಡಿಮೆ ಅಂತರದಿಂದ ಸೋತಿತು. ಆ ಹೊತ್ತಿಗಾಗಲೇ ಅದು ಹೊಸ ಸದಸ್ಯರಿಗೆ ಒಂದು ಷರತ್ತು ಹಾಕಿತ್ತು: ಮುಂದೆ ಪರಿವರ್ತನೆಯಾದರೆ ಬರುವ ಹಣ ಅವರಿಗಲ್ಲ, ದಾನ ಸಂಸ್ಥೆಗೆ. ಆಸೆಯ ಮೂಲವನ್ನೇ ಸದಸ್ಯತ್ವದ ಷರತ್ತಿನಲ್ಲಿ ಕತ್ತರಿಸಿದ್ದು ಕೈ ಎತ್ತುವ ದಿನಕ್ಕಿಂತ ಮುಂಚಿನ ಕೆಲಸ.

ಮತ ಹಾಕುವ ಅವಕಾಶವೇ ಬಾರದೆ ಹೋಗುವುದೂ ಉಂಟು. ಕೆನಡಾದಲ್ಲಿ 1971ರಲ್ಲಿ ಹುಟ್ಟಿದ, ಚಾರಣದಂಥ ಹೊರಾಂಗಣ ಚಟುವಟಿಕೆಗಳ ಸಾಮಗ್ರಿ ಮಾರುವ ಸಹಕಾರಿ ಸಂಸ್ಥೆ ಮೌಂಟನ್ ಇಕ್ವಿಪ್‌ಮೆಂಟ್ ಕೋ-ಆಪ್‌ಗೆ 50 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದರು. 2020ರ ಸೆಪ್ಟೆಂಬರಿನಲ್ಲಿ ಅದರ ಮಂಡಳಿ ಸಂಸ್ಥೆಯನ್ನು ಅಮೆರಿಕದ ಖಾಸಗಿ ಹೂಡಿಕೆ ಕಂಪನಿಯೊಂದಕ್ಕೆ ಮಾರುವುದಾಗಿ ಘೋಷಿಸಿತು. ಸಾಲ ಕೊಟ್ಟವರಿಂದ ರಕ್ಷಣೆ ಕೋರುವ ಕಾನೂನಿನಡಿ ವ್ಯವಹಾರ ನಡೆದಿದ್ದರಿಂದ ಸದಸ್ಯರ ಮತವನ್ನು ಕೇಳಲೇ ಇಲ್ಲ. ಸದಸ್ಯರ ಗುಂಪೊಂದು ನ್ಯಾಯಾಲಯದಲ್ಲಿ ವಿರೋಧಿಸಿತು. ಅಕ್ಟೋಬರಿನಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ದಿವಾಳಿಯ ಹೊಸ್ತಿಲಿಗೆ ಬಂದ ಮೇಲೆ ಸಾಲ ಕೊಟ್ಟವರ ಹಕ್ಕು ಮುಂದೆ, ಸದಸ್ಯರದು ಹಿಂದೆ. ಸದಸ್ಯರ ಮಾತಿಗೆ ಬೆಲೆ ಇರುವುದು ಅದಕ್ಕೂ ಮುಂಚಿನ, ಲೆಕ್ಕಪತ್ರಗಳು ಸಾದಾ ಎಂದು ತೋರುವ ವರ್ಷಗಳಲ್ಲಿ.

ಈಗ ನಿಮ್ಮ ನೋಟಿಸಿಗೆ ಬರೋಣ. ಮೂರು ವಿಷಯಗಳಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಬೈಲಾ ತಿದ್ದುಪಡಿಗೆ. ಬಜೆಟ್ ಒಂದು ವರ್ಷದ್ದು, ನಿರ್ದೇಶಕರ ಅವಧಿ ಮೂರೋ ಐದೋ ವರ್ಷದ್ದು. ಬೈಲಾ ಒಮ್ಮೆ ಬದಲಾದರೆ, ಮತ್ತೆ ಮೂರನೇ ಎರಡರಷ್ಟು ಬಹುಮತ ಕೂಡಿಸುವ ತನಕ ಹಾಗೆಯೇ ಉಳಿಯುತ್ತದೆ.

ಹಳೆಯ ಪಠ್ಯ ಎಡಕ್ಕೆ, ಹೊಸ ಪಠ್ಯ ಬಲಕ್ಕೆ, ಬದಲಾವಣೆಗೆ ಕಾರಣ ಕೊನೆಗೆ ಇರುವ ಕೋಷ್ಟಕವನ್ನು ಕಾರ್ಯದರ್ಶಿಗಳಿಂದ ಕೇಳಿ ಪಡೆಯಿರಿ. ‘ಕೆಲವು ಸಣ್ಣಪುಟ್ಟ ತಿದ್ದುಪಡಿಗಳು’ ಎಂದಷ್ಟೇ ಬರೆದ ನೋಟಿಸು ನೋಟಿಸೇ ಅಲ್ಲ. ಕೋಷ್ಟಕ ಸಿಕ್ಕ ಮೇಲೆ ಸಣ್ಣ ಪದಗಳ ಮೇಲೆ ಕಣ್ಣಿಡಿ. ‘ಮಾಡತಕ್ಕದ್ದು’ ಇದ್ದದ್ದು ‘ಮಾಡಬಹುದು’ ಆಗಿದ್ದರೆ ಮಂಡಳಿಯ ಕರ್ತವ್ಯ ಅದರ ಇಚ್ಛೆಗೆ ಬಿಟ್ಟ ವಿಷಯವಾಯಿತು. ‘ಸರ್ವಸದಸ್ಯರ ಸಭೆ’ ಇದ್ದ ಕಡೆ ‘ಆಡಳಿತ ಮಂಡಳಿ’ ಬಂದಿದ್ದರೆ ಅಧಿಕಾರ ಕೈ ಬದಲಾಯಿಸಿತು. ವಿಶೇಷ ಸಭೆ ಕರೆಯಲು ಬೇಕಾದ ಸಹಿಗಳು 10 ಶೇಕಡದಿಂದ 25ಕ್ಕೆ ಏರಿದ್ದರೆ, ನಿಮ್ಮಲ್ಲಿ 60 ಸಹಿಯ ಜಾಗದಲ್ಲಿ 150 ಬೇಕಾಗುತ್ತದೆ. ವಾರ್ಷಿಕ ಸಭೆಗೇ 60 ಜನ ಸೇರಿಸಲು ಹೆಣಗುವ ಸಂಘದಲ್ಲಿ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ. ನೋಟಿಸಿನ ಅವಧಿ 21 ದಿನದಿಂದ 7ಕ್ಕೆ ಇಳಿದರೆ ಪ್ರಶ್ನೆ ಕೇಳಿ ಉತ್ತರ ಪಡೆಯುವಷ್ಟು ವ್ಯವಧಾನವೇ ಇರುವುದಿಲ್ಲ. ‘ಸಕ್ರಿಯ ಸದಸ್ಯ’ ಎಂಬ ಹೊಸ ಪದ ಬಂದಿದ್ದರೆ, ಅದರ ಅರ್ಥ ಎಲ್ಲಿ ಬರೆದಿದೆ, ಯಾರು ಸಕ್ರಿಯರಲ್ಲ ಎಂದು ತೀರ್ಮಾನಿಸುವವರು ಯಾರು, ಆ ತೀರ್ಮಾನದ ವಿರುದ್ಧ ಮೇಲ್ಮನವಿ ಎಲ್ಲಿ ಎಂದು ಕೇಳಿ. ವಿಸರ್ಜನೆಯ ಕಲಮನ್ನು ಯಾರೂ ಓದುವುದಿಲ್ಲ, ಅದು ಕೊನೆಯ ಪುಟದಲ್ಲಿರುತ್ತದೆ. ಸಂಘ ಮುಚ್ಚಿದರೆ ಆಸ್ತಿ ಯಾರಿಗೆ ಎಂಬುದು ಬದಲಾಗುತ್ತಿದ್ದರೆ, ಬಿಲ್ಡಿಂಗ್ ಸೊಸೈಟಿಗಳ ಕಥೆಯ ಬೀಜ ಅಲ್ಲಿದೆ.

ಹತ್ತು ತಿದ್ದುಪಡಿಗಳನ್ನು ಒಂದೇ ನಿರ್ಣಯವಾಗಿ ಮತಕ್ಕೆ ಹಾಕುವುದು ಬಹು ಸಾಮಾನ್ಯ. ಎಂಟು ಒಳ್ಳೆಯವಾದ್ದರಿಂದ ಉಳಿದೆರಡೂ ಅವುಗಳ ಜೊತೆ ಪಾಸಾಗುತ್ತವೆ. ‘ಕಲಮುವಾರು ಪ್ರತ್ಯೇಕ ಮತಕ್ಕೆ ಹಾಕಿ’ ಎಂಬ ಸೂಚನೆ ತನ್ನಿ. ಒಬ್ಬರು ಸೂಚಕರು, ಒಬ್ಬರು ಅನುಮೋದಕರು ಇದ್ದರೆ ಆಯಿತು. ನಿಮ್ಮದೇ ಬದಲಿ ಪಠ್ಯವಿದ್ದರೆ ‘ಇದನ್ನು ಸ್ವಲ್ಪ ಸರಿಪಡಿಸಬೇಕು’ ಎಂದು ಹೇಳಿದರೆ ಯಾರೂ ಬರೆದುಕೊಳ್ಳುವುದಿಲ್ಲ. ‘ಇಂಥ ಕಲಮಿನ ಎರಡನೇ ಸಾಲಿನಲ್ಲಿ 7 ಎಂಬುದನ್ನು ತೆಗೆದು 21 ಎಂದು ಸೇರಿಸತಕ್ಕದ್ದು’ ಎಂದು ಬರೆದು ಕೊಡಿ. ಅದು ಮೂಲ ವಿಷಯದ ಚೌಕಟ್ಟಿನೊಳಗೇ ಇರಬೇಕು. ನೋಟಿಸಿನಲ್ಲಿಲ್ಲದ ಹೊಸ ವಿಷಯವನ್ನು ತಿದ್ದುಪಡಿಯ ಹೆಸರಿನಲ್ಲಿ ತಂದರೆ ಅಧ್ಯಕ್ಷರು ತಳ್ಳಿಹಾಕುತ್ತಾರೆ, ಹಾಕಲೂಬೇಕು.

ಬಜೆಟ್ ನೋಡಲು ಲೆಕ್ಕಶಾಸ್ತ್ರ ಓದಿರಬೇಕಿಲ್ಲ. ಕಳೆದ ವರ್ಷದ ಅಂದಾಜು, ಕಳೆದ ವರ್ಷದ ನಿಜ ಖರ್ಚು, ಈ ವರ್ಷದ ಅಂದಾಜು ಎಂಬ ಮೂರು ಅಂಕಣಗಳನ್ನು ಪಕ್ಕಪಕ್ಕದಲ್ಲಿಟ್ಟು, ಶೇಕಡ 10ಕ್ಕಿಂತ ಹೆಚ್ಚು ವ್ಯತ್ಯಾಸವಿರುವ ಸಾಲುಗಳಿಗೆ ಗುರುತು ಹಾಕಿ. ನಿಮ್ಮ ಪ್ರಶ್ನೆಗಳು ಅವೇ. ಬಳಿಕ ಮೀಸಲು ನಿಧಿ. ವರ್ಷದ ಖರ್ಚು 12 ಲಕ್ಷ, ಕೈಯಲ್ಲಿರುವುದು 4 ಲಕ್ಷ ಎಂದರೆ ನಾಲ್ಕು ತಿಂಗಳ ಉಸಿರು. ಆದರೆ ಆ 4 ಲಕ್ಷದಲ್ಲಿ 3 ಲಕ್ಷ ಕಟ್ಟಡಕ್ಕೆಂದೇ ಬಂದ ದೇಣಿಗೆಯಾದರೆ ನಿಜವಾಗಿ ಇರುವುದು ಒಂದೇ ತಿಂಗಳು. ‘ಬರಬೇಕಾದ ಬಾಕಿ’ ವರ್ಷದಿಂದ ವರ್ಷಕ್ಕೆ ಉಬ್ಬುತ್ತಿದ್ದರೆ ಆದಾಯ ಕಾಗದದಲ್ಲಷ್ಟೇ ಇದೆ. ಮಂಡಳಿಯ ಸದಸ್ಯರಿಗೆ ಅಥವಾ ಅವರ ಹತ್ತಿರದವರಿಗೆ ಪಾವತಿಯಾಗಿದ್ದರೆ ಅದು ತಪ್ಪೆಂದೇನಲ್ಲ. ಎಷ್ಟು ಜನರಿಂದ ದರಪಟ್ಟಿ ತರಿಸಿದ್ದರು, ಆ ನಿರ್ದೇಶಕರು ಚರ್ಚೆಯ ಹೊತ್ತಿಗೆ ಹೊರಗಿದ್ದರೇ ಎಂದು ಕೇಳುವುದು ಮಾತ್ರ ನಿಮ್ಮ ಹಕ್ಕು.

ಲೆಕ್ಕಪರಿಶೋಧಕರ ವರದಿಯಲ್ಲಿ ‘ಕೆಳಗಿನ ಅಂಶಗಳಿಗೆ ಒಳಪಟ್ಟು’ ಅಥವಾ ‘ಇವುಗಳನ್ನು ಹೊರತುಪಡಿಸಿ’ ಎಂಬ ಮಾತಿದ್ದರೆ ಅಲ್ಲೇ ನಿಲ್ಲಿ. ಇಡೀ ವರದಿಯ ಸಾರ ಆ ಸಾಲಿನ ಕೆಳಗಿರುತ್ತದೆ. ಅಂಥದ್ದೇನೂ ಇಲ್ಲದ ವರದಿಯನ್ನು ‘ಎಲ್ಲ ಚೆನ್ನಾಗಿದೆ’ ಎಂಬ ಪ್ರಮಾಣಪತ್ರ ಎಂದುಕೊಳ್ಳಬೇಡಿ. ಲೆಕ್ಕ ಸರಿಯಾಗಿ ಬರೆದಿದೆಯೇ ಎಂದು ಪರಿಶೋಧಕರು ಹೇಳುತ್ತಾರೆ. ಆ ಖರ್ಚು ಬೇಕಿತ್ತೇ ಎಂಬುದನ್ನು ಸದಸ್ಯರೇ ಹೇಳಬೇಕು.

ಚುನಾವಣೆಯ ಬಗ್ಗೆ ಒಂದೇ ಲೆಕ್ಕ. ಮೂರು ಸ್ಥಾನ, ಪ್ರತಿಯೊಬ್ಬರಿಗೆ ಮೂರು ಮತ, 60 ಮತದಾರರು ಎಂದಾದರೆ, ಒಂದೇ ಪಟ್ಟಿಗೆ ಒಗ್ಗಟ್ಟಾಗಿ ಹಾಕುವ 31 ಜನ ಮೂರನ್ನೂ ಗೆಲ್ಲುತ್ತಾರೆ. ಉಳಿದ 29 ಜನರಿಗೆ ಸೊನ್ನೆ. ಒಂಬತ್ತು ಜನರ ಮಂಡಳಿಯಲ್ಲಿ ವರ್ಷಕ್ಕೆ ಮೂವರಂತೆ ನಿವೃತ್ತರಾಗುವುದಾದರೆ ಎರಡೇ ಸಭೆಗಳಲ್ಲಿ ಆರು ಸ್ಥಾನ, ಅಂದರೆ ಮಂಡಳಿಯ ಬಹುಮತ, ಆ 31 ಜನರದು. ಮೂರೂ ಮತಗಳನ್ನು ಒಬ್ಬರಿಗೇ ಹಾಕಬಹುದಾದ ಪದ್ಧತಿಯಿದ್ದರೆ 16 ಜನರ ಗುಂಪಿಗೂ ಒಂದು ಸ್ಥಾನ ಖಾತ್ರಿ. ನಿಮ್ಮಲ್ಲಿ ಯಾವುದಿದೆ ಎಂದು ನೋಡಿಕೊಳ್ಳಿ. ಅಭ್ಯರ್ಥಿಗಳ ಗುಣಗಾನಕ್ಕಿಂತ, ಹಾಲಿ ನಿರ್ದೇಶಕರು ಕಳೆದ ವರ್ಷ ಎಷ್ಟು ಮಂಡಳಿ ಸಭೆಗಳಿಗೆ ಹಾಜರಾದರು ಎಂಬ ಒಂದು ಸಂಖ್ಯೆ ಹೆಚ್ಚು ಹೇಳುತ್ತದೆ.

ಸಭೆಗೆ ಹೋಗುವ ಮೊದಲೇ ಅರ್ಧ ಕೆಲಸ ಮುಗಿದಿರಬೇಕು. ನೋಟಿಸು ಬಂದ ವಾರದೊಳಗೆ ಕಡತಗಳನ್ನು ಕೇಳಿ. ಸಭೆಗೆ ಕನಿಷ್ಠ ಏಳು ದಿನ ಮುಂಚೆ ಪ್ರಶ್ನೆಗಳನ್ನು ಬರೆದು ಕಳಿಸಿ, ತಲುಪಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಸಭೆಯಲ್ಲಿ ಎದ್ದುನಿಂತು ಅನಿರೀಕ್ಷಿತವಾಗಿ ಕೇಳಿದ ಪ್ರಶ್ನೆಗೆ ‘ನೋಡಿ ಹೇಳುತ್ತೇವೆ’ ಎಂಬ ಉತ್ತರವೇ ಬರುತ್ತದೆ. ಅದು ಜಾರಿಕೆಯ ಉತ್ತರ ಇರಬಹುದು, ನಿಜವಾಗಿ ಅಂಕಿ ಕೈಯಲ್ಲಿಲ್ಲದೆಯೂ ಇರಬಹುದು. ನಿಮಗಂತೂ ಏನೂ ತಿಳಿಯುವುದಿಲ್ಲ. ಮೊದಲೇ ಕಳಿಸಿದ ಪ್ರಶ್ನೆಗೆ ಆ ನೆಪ ಇರುವುದಿಲ್ಲ. ಅಷ್ಟರಲ್ಲಿ ಮೂರು ನಾಲ್ಕು ಸದಸ್ಯರೊಂದಿಗೆ ಮಾತಾಡಿ ಅನುಮೋದಕರೊಬ್ಬರನ್ನು ಗೊತ್ತುಮಾಡಿಕೊಳ್ಳಿ. ಅನುಮೋದಕರಿಲ್ಲದೆ ಸತ್ತ ಒಳ್ಳೆಯ ಸೂಚನೆಗಳಿಗೆ ಲೆಕ್ಕವಿಲ್ಲ.

ಸಭೆಯ ದಿನ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಕೋರಂ ಎಷ್ಟು, ಬಂದವರೆಷ್ಟು ಎಂದು ಆರಂಭದಲ್ಲೇ ಕೇಳಿ. ಮಧ್ಯದಲ್ಲಿ ಜನ ಎದ್ದು ಹೋಗಿ ಕೋರಂ ತಪ್ಪಿದ ಮೇಲೂ ನಿರ್ಣಯಗಳು ಪಾಸಾಗುತ್ತಲೇ ಇರುವುದು ಎಲ್ಲೆಡೆಯ ಪಾಡು. ಮಹತ್ವದ ವಿಷಯಕ್ಕೆ ಮುಂಚೆ ‘ದಯವಿಟ್ಟು ಎಣಿಸಿ’ ಎನ್ನಲು ಸಂಕೋಚ ಬೇಡ. ಚಪ್ಪಾಳೆಯನ್ನು ಒಪ್ಪಿಗೆಯೆಂದು ಎಣಿಸಲು ಬಿಡಬೇಡಿ. ಪರ, ವಿರೋಧ, ತಟಸ್ಥ ಎಂದು ಮೂರು ಸಂಖ್ಯೆಗಳು ಬೇಕು. ಜನ ಮುಖ ನೋಡಿ ಕೈ ಎತ್ತುವಂಥ ವಿಷಯವಾದರೆ ಗುಪ್ತ ಮತದಾನ ಕೇಳಿ. ಮಾಹಿತಿ ಸಾಲದೆನಿಸಿದರೆ ವಿರೋಧಿಸುವ ಅಗತ್ಯವಿಲ್ಲ, ‘ಇಂಥ ತಾರೀಖಿನವರೆಗೆ ಮುಂದೂಡಿ’ ಎಂಬ ಸೂಚನೆ ತನ್ನಿ. ತಾರೀಖು ಇಲ್ಲದ ಮುಂದೂಡಿಕೆ ಎಂದರೆ ಸಮಾಧಿ. ಕಾರ್ಯಸೂಚಿಯ ಕೊನೆಯಲ್ಲಿ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಎಂದಿರುತ್ತದಲ್ಲ, ಅದರಡಿ ಆಸ್ತಿ, ಸಾಲ, ನಿಯಮಗಳ ಕುರಿತು ಯಾವ ತೀರ್ಮಾನವೂ ಆಗಕೂಡದು. ಬಾರದವರಿಗೆ ಅದರ ಸುಳಿವೇ ಇರುವುದಿಲ್ಲ. ಅಂಥದ್ದು ಬಂದರೆ ಕ್ರಿಯಾಲೋಪ ಎತ್ತಿ, ಅಂದರೆ ‘ಇದು ಸಭೆಯ ನಿಯಮಕ್ಕೆ ವಿರುದ್ಧ’ ಎಂದು ಅಧ್ಯಕ್ಷರ ಗಮನಕ್ಕೆ ತನ್ನಿ.

ನಡಾವಳಿಯ ವಿಷಯದಲ್ಲಿ ನಾವು ಸ್ವಲ್ಪ ಹಟವಾದಿಗಳು. ಸಭೆಯಲ್ಲಿ ಏನಾಯಿತೆಂಬುದನ್ನು ಜನ ಮರೆಯುತ್ತಾರೆ, ಬರೆದದ್ದೇ ಉಳಿಯುತ್ತದೆ. ಕರಡು ನಡಾವಳಿಯನ್ನು ಕೆಲವೇ ವಾರಗಳೊಳಗೆ ತರಿಸಿಕೊಂಡು ನಿರ್ಣಯದ ಪಠ್ಯ, ಮತಗಳ ಸಂಖ್ಯೆ, ನಿಮ್ಮ ಭಿನ್ನಮತ ದಾಖಲಾಗಿವೆಯೇ ನೋಡಿ. ‘ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ಸಿದ್ಧ ವಾಕ್ಯದೊಳಗೆ ಹತ್ತು ವಿರೋಧ ಮತಗಳು ಮುಳುಗಿಹೋಗುತ್ತವೆ. ಮುಂದಿನ ಸಭೆಯ ಮೊದಲ ವಿಷಯ ‘ಕಳೆದ ಸಭೆಯ ನಡಾವಳಿ ದೃಢೀಕರಣ’. ಒಂದು ವರ್ಷ ಕಳೆದ ಮೇಲೆ ಅಲ್ಲಿ ತಕರಾರು ಎತ್ತಿದರೆ ನೆನಪಿನ ಮೇಲೆ ನೆನಪಿನ ಜಗಳ.

ಭಾಗವಹಿಸುವುದೆಂದರೆ ಎಲ್ಲದರಲ್ಲೂ ಕೈ ಹಾಕುವುದಲ್ಲ ಎಂಬುದನ್ನೂ ಹೇಳಬೇಕು. ಗುರಿ, ನಿಯಮ, ದೊಡ್ಡ ಹಣ, ಆಸ್ತಿ, ಯಾರು ನಡೆಸಬೇಕು ಎಂಬವು ಸದಸ್ಯರ ತೀರ್ಮಾನಗಳು. ಕುರ್ಚಿ ಯಾವ ಬಣ್ಣದ್ದು, ಸಿಬ್ಬಂದಿ ಎಷ್ಟು ಗಂಟೆಗೆ ಬರಬೇಕು ಎಂಬವನ್ನು ಮಹಾಸಭೆಗೆ ಎಳೆದರೆ ಎರಡು ಅನಾಹುತ: ಎಲ್ಲರಿಗೂ ಅರ್ಥವಾಗುವ ಸಣ್ಣ ವಿಷಯದ ಮೇಲೆ ಒಂದೂವರೆ ಗಂಟೆ ಮಾತು ನಡೆದು ಸಾಲದ ನಿರ್ಣಯ ಐದು ನಿಮಿಷದಲ್ಲಿ ಪಾಸಾಗುತ್ತದೆ, ಕೆಲಸ ಮಾಡುವವರು ಬೇಸತ್ತು ಬಿಟ್ಟು ಹೋಗುತ್ತಾರೆ. ಮಂಡಳಿಯ ಕಡೆಯಿಂದಲೂ ಒಂದು ತಪ್ಪು ಸಾಮಾನ್ಯ. ಎಲ್ಲ ತೀರ್ಮಾನವಾದ ಮೇಲೆ ‘ಸಲಹೆ ಕೊಡಿ’ ಎನ್ನುವುದು. ಯಾವ ಭಾಗ ಇನ್ನೂ ಬದಲಾಗಬಹುದು ಎಂದು ಮೊದಲೇ ಕೇಳಿಬಿಡಿ. ‘ಯಾವುದೂ ಇಲ್ಲ’ ಎಂದಾದರೆ ನಿಮ್ಮ ಸಮಯವಾದರೂ ಉಳಿಯುತ್ತದೆ, ಮುಂದಿನ ಸಲ ಕರಡಿನ ಹಂತದಲ್ಲೇ ತೋರಿಸಿ ಎಂಬ ಬೇಡಿಕೆಯನ್ನು ನಡಾವಳಿಗೆ ಸೇರಿಸಬಹುದು.

ಬರಲು ಸಾಧ್ಯವೇ ಇಲ್ಲದವರಿಗೆ ಪ್ರಾಕ್ಸಿ, ಅಂದರೆ ತಮ್ಮ ಪರವಾಗಿ ಮತ ಹಾಕಲು ಬೇರೊಬ್ಬರಿಗೆ ಅಧಿಕಾರ ಕೊಡುವ ಪತ್ರದ ಸೌಲಭ್ಯ, ಇದ್ದರೆ ಬಳಸಿ. ಖಾಲಿ ಪ್ರಾಕ್ಸಿಗೆ ಮಾತ್ರ ಸಹಿ ಹಾಕಿ ಕೊಡಬೇಡಿ. ಯಾವ ನಿರ್ಣಯಕ್ಕೆ ಪರ, ಯಾವುದಕ್ಕೆ ವಿರೋಧ ಎಂದು ಬರೆದೇ ಕೊಡಿ. ಒಬ್ಬರ ಕೈಯಲ್ಲಿ ಎಷ್ಟು ಪ್ರಾಕ್ಸಿ ಇರಬಹುದು ಎಂಬ ಮಿತಿ ಬೈಲಾದಲ್ಲಿ ಇಲ್ಲದಿದ್ದರೆ, 25 ಪ್ರಾಕ್ಸಿ ಹಿಡಿದ ಒಬ್ಬರು ಬಂದು ಕೂತರೆ 60 ಜನರ ಸಭೆಯ ಫಲಿತಾಂಶ ಬಹುಮಟ್ಟಿಗೆ ಬಾಗಿಲಲ್ಲೇ ತೀರ್ಮಾನವಾದಂತೆ.

ವರ್ಷಕ್ಕೆ ಒಂದೇ ಗಂಟೆ ಕೊಡಬಲ್ಲೆ ಎನ್ನುವಿರಾದರೆ, ಇಪ್ಪತ್ತು ನಿಮಿಷ ಬೈಲಾ ತಿದ್ದುಪಡಿಯ ಕೋಷ್ಟಕಕ್ಕೆ, ಹತ್ತು ನಿಮಿಷ ಲೆಕ್ಕಪರಿಶೋಧಕರ ವರದಿಯ ಮೊದಲ ಪುಟಕ್ಕೆ, ಹತ್ತು ನಿಮಿಷ ಮೂರು ಅಂಕಣದ ಬಜೆಟ್‌ಗೆ, ಉಳಿದದ್ದು ಒಂದೆರಡು ಪ್ರಶ್ನೆ ಬರೆದು ಕಳಿಸಲು. ಈ ಸಲದ ನೋಟಿಸಿನಲ್ಲಿ ತಿದ್ದುಪಡಿಯಿದೆಯಾದ್ದರಿಂದ ಸಭೆಗೂ ಹೋಗಿ. ಜೊತೆಗೆ ಅನುಮೋದಕರಾಗಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಿ.